ಮೆಂತೆ ಗಂಜಿ ಇಲ್ಲದ ಆಟಿ ಅಮಾವಾಸ್ಯೆ

ಹರಿಪ್ರಸಾದ ಸಾಯುತ್ತಿದ್ದ ಹೊತ್ತಿಗೆ ನಾನು ಅವನ ಅಡುಗೆಮನೆಯಲ್ಲಿ ಮೆಂತೆ ಗಂಜಿ ಹುಡುಕುತ್ತಿದ್ದೆ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಆದರೆ ಈ ಕತೆ ಬರೆಯುವುದಾದರೆ ಅಲ್ಲಿಂದಲೇ ಶುರು ಮಾಡಬೇಕೆಂದು ರೋಸಿಲಿ ಕಟ್ಟಪ್ಪಣೆ ಮಾಡಿದ್ದಾಳೆ. ಅವಳ ಮಾತು ಮೀರುವ ಧೈರ್ಯ ನನಗಿಲ್ಲ.

ಆಟಿ ಅಮಾವಾಸ್ಯೆಯ ಬೆಳಗ್ಗೆ ಆರೂಕಾಲು. ಒಂದೊಂದೇ ಪಾತ್ರೆಯ ಮುಚ್ಚಳ ಎತ್ತಿ ನೋಡಿ, ಗಂಜಿ ಎಲ್ಲೂ ಕಾಣದೆ ಸಿಟ್ಟು ನೆತ್ತಿಗೇರಿ ನಿಂತಿದ್ದೆ. ಆಗ ಚಾವಡಿಯಲ್ಲಿ ಯಾರೋ ದಡ್ ಎಂದು ಬಿದ್ದರು. ಓಡಿದೆ. ಹರಿಪ್ರಸಾದ ನೆಲದ ಮೇಲೆ ಬಿಲ್ಲಿನ ಹಾಗೆ ಬಾಗಿದ್ದ. ಹಲ್ಲು ಕಚ್ಚಿಕೊಂಡಿತ್ತು, ಕಣ್ಣು ಮಾತ್ರ ಎಚ್ಚರವಿತ್ತು. ಆ ಕಣ್ಣನ್ನು ನಾನು ಇವತ್ತಿಗೂ ಮರೆತಿಲ್ಲ.

ರೋಸಿಲಿ ಆಗಲೇ ಅವನ ತಲೆಯ ಹತ್ತಿರ ಕುಳಿತಿದ್ದಳು. "ಲೈಟ್ ಆಫ್ ಮಾಡಿ ಕಮಲಕ್ಕ. ಯಾರೂ ಕೂಗ್ಬೇಡಿ, ಮೈ ಮುಟ್ಬೇಡಿ. ಆಂಬ್ಯುಲೆನ್ಸಿಗೆ ಫೋನ್ ಮಾಡಿ, ಬೇಗ!"

ಆಂಬ್ಯುಲೆನ್ಸ್ ಬಂತು. ಆದರೆ ಸ್ಟ್ರೆಚರ್ ಗೇಟು ದಾಟುವ ಮೊದಲೇ ಅವನ ಪ್ರಾಣ ಹೋಗಿತ್ತು.

ನಾನು ಕಮಲಾವತಿ, ಸುಳ್ಯದವಳು, ಮೂವತ್ತು ವರ್ಷ ಹೊಲಿಗೆ ಕಲಿಸಿ ನಿವೃತ್ತಳಾದ ಟೀಚರ್. ರೋಸಿಲಿ ನೆಲ್ಯಾಡಿಯವಳು. ಅವಳ ಅಜ್ಜ ಕೇರಳದಿಂದ ಬಂದು ಅಲ್ಲಿ ರಬ್ಬರ್ ಹಾಕಿದವರು. ನರ್ಸ್ ಕೆಲಸ ಮುಗಿಸಿ ಮನೆಗೆ ಬಂದವಳು ಸುಮ್ಮನೆ ಕೂರಬೇಕೋ ಬೇಡವೋ? ಕಡಬದಲ್ಲಿ ಒಂದು ಸಾವು, ರಾಮಕುಂಜದಲ್ಲಿ ಕಾಣೆಯಾದ ಒಬ್ಬಳು ಹುಡುಗಿ, ಹೀಗೆ ಬಿಡಿಸಲಾಗದ ಗಂಟುಗಳೆಲ್ಲ ಅವಳ ಬಾಗಿಲಿಗೆ ಬರುತ್ತವೆ. ಅವಳ ಹಿಂದೆ ಕೊಡೆ ಹಿಡಿದು ತಿರುಗುವ ಕೆಲಸ ನನ್ನದು.

ಈ ಸಲ ನಾವು ಹೊರಟದ್ದು ಪ್ರವಾಸಕ್ಕೆ. ಎಲ್ಲಿಗೆ? ಪುತ್ತೂರಿಗೆ! "ಒಂದು ಗಂಟೆ ಬಸ್ಸಿನ ದಾರಿಗೆ ಯಾರಾದ್ರೂ ಟೂರ್ ಹೋಗ್ತಾರಾ ಅತ್ತೆ?" ಎಂದು ನನ್ನ ಸೊಸೆ ನಕ್ಕಿದ್ದಳು. ಆಷಾಢದ ಹೊತ್ತಿಗೆ ಬರುವ ನಮ್ಮ ಆಟಿ ತಿಂಗಳಲ್ಲಿ ಮದುವೆ ಇಲ್ಲ, ಗೃಹಪ್ರವೇಶ ಇಲ್ಲ, ಪೇಟೆಯ ಛತ್ರ, ಲಾಡ್ಜ್ ಎಲ್ಲ ಖಾಲಿ. ಆ ಖಾಲಿ ದಿನಗಳಿಗೆಂದೇ ಹರಿಪ್ರಸಾದ ಮತ್ತು ಅವನ ಹೆಂಡತಿ ಭವಿತಾ ಪುತ್ತೂರು ಪೇಟೆಯ ತಮ್ಮ ಮನೆಯಲ್ಲಿ ಎರಡು ದಿನದ 'ಆಟಿ ಊಟ' ಇಟ್ಟಿದ್ದರು. ಕೆಸುವಿನ ಎಲೆಯ ಪತ್ರೊಡೆ, ಎಳೆ ಬಿದಿರಿನ ಕಣಿಲೆ ಪಲ್ಯ, ಹಲಸಿನ ಬೀಜದ ಸಾರು. ಅಮಾವಾಸ್ಯೆಯ ಬೆಳಗ್ಗೆ ಹಾಲೆ ಮರದ ಕಷಾಯ, ಹಿಂದೆಯೇ ಮೆಂತೆ ಗಂಜಿ. ಕಾರ್ಡಿನಲ್ಲಿ ಹಾಗೆ ಅಚ್ಚು ಹಾಕಿಸಿದ್ದರು. ನಾನು ಹೋದದ್ದೇ ಆ ಗಂಜಿಗೆ.

ಗೊತ್ತಿಲ್ಲದವರಿಗೆ ಕಷಾಯದ ಕ್ರಮ ಹೇಳಿಬಿಡುತ್ತೇನೆ. ಬೆಳಕು ಹರಿಯುವ ಮೊದಲು ಹೋಗಿ ಹಾಲೆ ಮರದ ತೊಗಟೆಯನ್ನು ಕಲ್ಲಿನಿಂದ ಜಜ್ಜಿ ತೆಗೆಯಬೇಕು. ನಮ್ಮ ಕಡೆ ಅದನ್ನು ಕೆತ್ತೆ ಎನ್ನುತ್ತೇವೆ. ಕಬ್ಬಿಣ ಸೋಕಿಸುವ ಹಾಗಿಲ್ಲ. ಕಾಳುಮೆಣಸು, ಬೆಳ್ಳುಳ್ಳಿ ಸೇರಿಸಿ ಅರೆದು, ರಸ ಹಿಂಡಿ, ಬಿಸಿ ಮಾಡಿದ ಬಿಳಿಕಲ್ಲು ಹಾಕಿ, ಖಾಲಿ ಹೊಟ್ಟೆಗೆ ಕುಡಿಯಬೇಕು. ಕಷಾಯ ಉಷ್ಣ, ಹಾಗಾಗಿ ತಂಪಿಗೆ ಮೆಂತೆ ಗಂಜಿ. ಒಂದನ್ನು ಬಿಟ್ಟು ಇನ್ನೊಂದಿಲ್ಲ.

ಹಿಂದಿನ ದಿನ ಮಧ್ಯಾಹ್ನ ನಮಗೆ ಬಡಿಸಿದವಳು ಭವಿತಾ. ಮೂವತ್ತೈದರ ಹೆಂಗಸು, ಮಾತು ಕಡಿಮೆ, ಕೈರುಚಿ ಮಾತ್ರ ಹೇಳತೀರದು. ಅವಳ ಪತ್ರೊಡೆ ಬಾಯಿಗಿಟ್ಟಾಗ ನನಗೆ ಅಮ್ಮನ ನೆನಪಾಗಿ ಕಣ್ಣು ತುಂಬಿತು. ಇನ್ನೊಂದು ತುಂಡು ಹಾಕಲು ಬಗ್ಗಿದಾಗ ಅವಳ ಚೂಡಿದಾರದ ಉದ್ದ ತೋಳು ಮೇಲೆ ಸರಿಯಿತು. ಮೊಣಕೈಯ ಒಳಬದಿಯಲ್ಲಿ ಎರಡು ಸುಟ್ಟ ಗೆರೆಗಳು. ಒಂದು ಹಳತು, ಒಂದು ಹೊಸತು.

"ಎಂತ ಆದದ್ದು ಇದು?"

"ಕಾವಲಿ ತಾಗಿದ್ದು ಅಕ್ಕ," ಎಂದು ತೋಳು ಎಳೆದುಕೊಂಡಳು.

ನಲವತ್ತು ವರ್ಷ ಒಲೆಯ ಮುಂದೆ ನಿಂತವಳು ನಾನು. ಕಾವಲಿ ತಾಗುವುದು ಬೆರಳಿಗೆ, ಮಣಿಕಟ್ಟಿಗೆ. ಮೊಣಕೈಯ ಒಳಬದಿಗೆ ಅದು ತಾನಾಗಿ ತಾಗುವುದಿಲ್ಲ. ಅಷ್ಟು ನನಗೆ ಗೊತ್ತಾಯಿತು. ಗೊತ್ತಾಗಿಯೂ ಪತ್ರೊಡೆ ತಿಂದು ಮುಗಿಸಿದೆ.

ಹರಿಪ್ರಸಾದ ಅತಿಥಿಗಳೆದುರು ನಗುಮುಖದ ಮನುಷ್ಯ. ಹೆಂಡತಿ ಮಾಡಿದ ಅಡುಗೆಯ ಪಕ್ಕದಲ್ಲಿ ತಾನು ನಿಂತು ಮೊಬೈಲಿನಲ್ಲಿ ವಿಡಿಯೋ ಮಾಡುತ್ತಿದ್ದ. ಅವನ ತಮ್ಮ ರೂಪೇಶ್ ಅದೇ ಮನೆಯಲ್ಲಿದ್ದುಕೊಂಡು ಅತಿಥಿಗಳನ್ನು ಕಾರಿನಲ್ಲಿ ತಿರುಗಿಸುತ್ತಿದ್ದ. ಸಂಜೆ ಅಂಗಳದಲ್ಲಿ ಇಬ್ಬರಿಗೂ ದೊಡ್ಡ ಜಗಳವಾಯಿತು. ರೂಪೇಶನಿಗೆ ನೆಲ್ಯಾಡಿಯ ಆಷ್ಲಿ ಎಂಬ ಹುಡುಗಿಯನ್ನು ಮದುವೆಯಾಗುವ ಮನಸ್ಸು, ಅಣ್ಣನಿಗೆ ಅದು ಸುತರಾಂ ಇಷ್ಟವಿಲ್ಲ.

"ಆ ಹುಡುಗಿಯ ಹೆಸರೆತ್ತಿದ್ರೆ ಕಾಲು ಮುರಿತೇನೆ," ಎಂದ ಹರಿಪ್ರಸಾದ.

"ಅದೆಲ್ಲ ನೀನು ಇರುವಷ್ಟು ದಿನ ತಾನೆ?" ಎಂದ ರೂಪೇಶ್.

ಅದೇ ಹೊತ್ತಿಗೆ ಭವಿತಾಳ ಅಪ್ಪ ಜತ್ತಪ್ಪಣ್ಣ ಸುಳ್ಯದ ಬಸ್ಸಿನಲ್ಲಿ ಬಂದಿಳಿದ. ಎಪ್ಪತ್ತು ದಾಟಿದೆ, ಒಂದು ಕಣ್ಣಿಗೆ ಪೊರೆ. ಪ್ರತಿ ವರ್ಷ ಮಗಳ ಮನೆಗೆ ಕೆತ್ತೆ ತಂದುಕೊಡುವುದು ಅವನೇ. ಎರಡು ಮಾತಿನಲ್ಲಿ ಅವನೂ ನಾನೂ ನಮ್ಮ ಸುಳ್ಯ ಕಡೆಯ ಅರೆಭಾಷೆಗೆ ಇಳಿದೆವು, ಅವನ ಹೆಂಡತಿಯ ತವರು ನಮ್ಮ ಮನೆಯಿಂದ ಕೂಗಳತೆ ದೂರ ಎಂದು ತಿಳಿಯಿತು.

"ಬೇಗ ಏಳುದು ಬೇಡ ಅಕ್ಕ, ಆರೂವರೆಗೆ ಬಂದ್ರೆ ಸಾಕು," ಎಂದು ಭವಿತಾ ಮಲಗುವ ಮುಂಚೆ ಹೇಳಿಹೋದಳು. ಬೆಳಗ್ಗೆ ಐದೂವರೆಗೆ ಬಾಗಿಲು ತಟ್ಟಿ ಫ್ಲಾಸ್ಕಿನಲ್ಲಿ ಚಹಾ, ತಟ್ಟೆಯಲ್ಲಿ ರಸ್ಕ್ ಇಟ್ಟಳು. ಎದುರಿನ ಕೋಣೆಯ ಮೈಸೂರಿನ ಕುಟುಂಬಕ್ಕೂ ಇಟ್ಟಳು. ಎರಡು ಲೋಟ ಹೀರಿದ ಮೇಲೆ ನನಗೆ ಕಷಾಯ ನೆನಪಾಯಿತು. ಛೆ, ಇನ್ನು ಖಾಲಿ ಹೊಟ್ಟೆ ಎಲ್ಲಿಂದ ತರುವುದು! ಸ್ನಾನಕ್ಕೆ ಹೋದರೆ ಬಚ್ಚಲು ತುಂಬ ಕಣ್ಣು ಕುಕ್ಕುವ ಹೊಗೆ. ಗೊಣಗುತ್ತ ಹೊರಬಂದು, ಗಂಜಿಯಾದರೂ ಸಿಗಲಿ ಎಂದು ಅಡುಗೆಮನೆಗೆ ಹೋದೆ. ಆಮೇಲಿನದ್ದು ಮೊದಲೇ ಹೇಳಿದೆ.

ಎಂಟು ಗಂಟೆಗೆ ಎಸ್.ಐ. ಶಾನವಾಝ್ ಬಂದರು. ಕಡಬದ ಪ್ರಕರಣದಿಂದ ಅವರಿಗೆ ರೋಸಿಲಿಯ ಪರಿಚಯವಿತ್ತು. ನಡೆದದ್ದು ಸರಳವಾಗಿ ಕಾಣುತ್ತಿತ್ತು. ಮನೆಯ ಯಜಮಾನನೆಂದು ಹರಿಪ್ರಸಾದ ಮೊದಲ ಲೋಟ ತೆಗೆದುಕೊಂಡು, ರೂಪೇಶನ ಕೈಯಲ್ಲಿ ಮೊಬೈಲ್ ಕೊಟ್ಟು, ಕ್ಯಾಮೆರಾ ಎದುರು ಒಂದೇ ಗುಟುಕಿಗೆ ಕುಡಿದಿದ್ದ. ಉಳಿದವರಿಗೆಲ್ಲ ಅತಿಥಿಗಳ ಜೊತೆ ಆರೂವರೆಗೆ ಎಂದಿತ್ತು. ಅವನು ಬಿದ್ದ ಗಾಬರಿಯಲ್ಲಿ ಭವಿತಾಳ ಕೈ ತಾಗಿ ಉಳಿದ ಕಷಾಯವೆಲ್ಲ ಚೆಲ್ಲಿಹೋಗಿತ್ತು. ಅರೆಯದೆ ಉಳಿದ ಎರಡು ತುಂಡು ಕೆತ್ತೆ ಅರೆಯುವ ಕಲ್ಲಿನ ಪಕ್ಕದಲ್ಲಿತ್ತು. ಅದನ್ನು ಬೆಳಕಿಗೆ ಹಿಡಿದು ನೋಡಿದವನು ಜತ್ತಪ್ಪಣ್ಣ.

"ಅಯ್ಯೋ ದೇವರೇ, ಇದು ಹಾಲೆ ಅಲ್ಲ. ಇದು ಕಾಸರಕ."

ಕಾಸರಕ ಎಂದರೆ ವಿಷ, ಬೆಳಕು, ಸದ್ದು ಸೋಕಿದರೂ ಮೈ ಸೆಟೆಸುವಂಥದ್ದು. ಅದರ ಕಹಿಯೂ ಹಾಲೆಯ ಕಹಿಯೂ ಬಾಯಿಗೆ ಒಂದೇ. ಮನೆಯ ಹಿಂದಿನ ಗುಡ್ಡೆಯಲ್ಲಿ ಎರಡು ಮರಗಳೂ ಹತ್ತಿರ ಹತ್ತಿರ ನಿಂತಿವೆ. ಕಾಸರಕದ ಮೈಮೇಲೆ ತೊಗಟೆ ಕಿತ್ತ ಗುರುತನ್ನು ಪೊಲೀಸರು ಆಗಲೇ ನೋಡಿಬಂದಿದ್ದರು.

"ಕತ್ತಲೆ ಇತ್ತು ಸಾರ್. ಕೈಯಲ್ಲಿ ತಡವಿ ಜಜ್ಜಿದೆ. ನನ್ನ ಹಾಳು ಕಣ್ಣು... ಅಳಿಯನನ್ನು ನಾನೇ ಕೊಂದೆ." ಮೂಲೆಯಲ್ಲಿ ಕುಸಿದು ಕುಳಿತವನು ಒಂದು ಗುಟುಕು ನೀರೂ ಮುಟ್ಟಲಿಲ್ಲ. ಎರಡು ಬೆರಳ ನಡುವೆ ಏನನ್ನೋ ತಿಕ್ಕುತ್ತಲೇ ಇದ್ದ, ಸಂಕಟಕ್ಕೆ ಮಾಡುತ್ತಿದ್ದಾನೆ ಎಂದುಕೊಂಡೆ. ಭವಿತಾ ಬಾಗಿಲಿಗೆ ಒರಗಿ ನಿಂತಿದ್ದಳು. ಅಪ್ಪನ ಹತ್ತಿರ ಬರಲಿಲ್ಲ.

"ಮುದುಕ ಬೇಕೂಂತ ಮಾಡಿದ್ದಲ್ಲ, ಗೊತ್ತು," ಎಂದರು ಶಾನವಾಝ್. "ಆದರೆ ಕೇಸ್ ಹಾಕದೆ ಆಗುದಿಲ್ಲ ಸಿಸ್ಟರ್. ಸ್ಟೇಷನ್ನಿಗೆ ಕರ್ಕೊಂಡು ಹೋಗ್ಬೇಕು."

"ಈ ಮನುಷ್ಯ ಸ್ಟೇಷನ್ನಿನಲ್ಲಿ ಉಳಿಯುದಿಲ್ಲ, ಸತ್ತೇ ಹೋಗ್ತಾನೆ," ಎಂದಳು ರೋಸಿಲಿ. ಅವನ ಎದುರು ಕುಳಿತು ಎರಡೂ ಕೈಗಳನ್ನು ಹಿಡಿದುಕೊಂಡಳು, ಬೆರಳುಗಳನ್ನು ಬಿಡಿಸಿ ನೋಡಿದಳು, ಹೆಗಲ ಮೇಲಿನ ಬೈರಾಸು ವಸ್ತ್ರವನ್ನು ಮೂಗಿಗೆ ಹಿಡಿದಳು. ಆಮೇಲೆ ಎದ್ದು ನಿಂತಳು. "ನಾಲ್ಕು ಗಂಟೆವರೆಗೆ ಟೈಮ್ ಕೊಡಿ. ಅಷ್ಟು ಹೊತ್ತು ಇವರನ್ನು ಎಲ್ಲಿಗೂ ಕರ್ಕೊಂಡು ಹೋಗುದು ಬೇಡ."

ನಾವು ಗುಡ್ಡೆ ಹತ್ತಿದೆವು. ಹಾಲೆ ಮರದ ಬುಡದಲ್ಲಿ ಆ ಬೀದಿಯವರೆಲ್ಲ ಜಜ್ಜಿದ ಗಾಯಗಳು, ಬಿಳಿ ಹಾಲು ಇಳಿದು ಗಟ್ಟಿಯಾಗಿತ್ತು. ನಾಲ್ಕು ಹೆಜ್ಜೆ ಆಚೆ ಕಾಸರಕ, ಅದರ ಮೇಲೆ ಒಂದೇ ಒಂದು ಗಾಯ.

"ನೀವು ಹೊಲಿಗೆ ಟೀಚರಲ್ವಾ ಕಮಲಕ್ಕ, ಇದನ್ನು ನೋಡಿ ಎಂತ ಹೇಳ್ತೀರಿ?"

"ಬ್ಲೌಸ್ ಪೀಸ್ ಕತ್ತರಿಸಿದ ಹಾಗೆ ಉಂಟು. ನಾಲ್ಕೂ ಅಂಚು ನೇರ." ಮುಟ್ಟಿ ನೋಡಿದೆ. ಅಂಚು ಒಣಗಿ ಕಂದು ಬಣ್ಣಕ್ಕೆ ತಿರುಗಿತ್ತು.

ಇಳಿದು ಬಂದವಳೇ ರೋಸಿಲಿ ಬಚ್ಚಲಿನ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕುಳಿತಳು. ಕೋಲಿನಿಂದ ಬೂದಿ ಕೆದಕಿ, ಅರೆಬರೆ ಸುಟ್ಟ ಹಸಿ ತೊಗಟೆಯ ತುಂಡುಗಳನ್ನು ಪೇಪರಿನಲ್ಲಿ ಸುತ್ತಿಕೊಂಡಳು. ಬೆಳಗಿನ ಹೊಗೆ ಯಾವುದರದ್ದೆಂದು ನನಗೆ ಆಗ ಗೊತ್ತಾಯಿತು. ಅಡುಗೆಗೆ ನೆರವಾಗುವ ಮುಹ್ಸಿನಾ ಎಂಟೂವರೆಗೆ ಕೆಲಸಕ್ಕೆ ಬಂದು ಸುದ್ದಿ ಕೇಳಿ ಅಳುತ್ತ ನಿಂತಿದ್ದಳು. ರೋಸಿಲಿ ಅವಳನ್ನು ಕೇಳಿದ್ದು ಒಂದೇ: "ಮೆಂತೆ ಡಬ್ಬಿ ಎಲ್ಲುಂಟು ತೋರಿಸು." ಡಬ್ಬಿ ಬಾಯಿವರೆಗೆ ತುಂಬಿತ್ತು. ಅಂತೂ ನನ್ನ ಹಸಿವು ಇವಳಿಗೆ ನೆನಪಾಯಿತಲ್ಲ ಎಂದುಕೊಂಡೆ. ನನ್ನ ಬುದ್ಧಿ ಅಷ್ಟೇ.

ನಾಲ್ಕು ಗಂಟೆಗೆ ಎಲ್ಲರೂ ಚಾವಡಿಯಲ್ಲಿ ಸೇರಿದೆವು. ಶಾನವಾಝ್ ಮತ್ತು ಒಬ್ಬಳು ಮಹಿಳಾ ಪೇದೆ, ರೂಪೇಶ್, ಭವಿತಾ, ಮುಹ್ಸಿನಾ, ನಾನು. ಜತ್ತಪ್ಪಣ್ಣ ಬೆಳಗಿನ ಮೂಲೆಯಲ್ಲೇ ಇದ್ದ. ನನ್ನ ಕಣ್ಣು ಮಾತ್ರ ರೂಪೇಶನ ಮೇಲಿತ್ತು. 'ನೀನು ಇರುವಷ್ಟು ದಿನ' ಎಂದವನು ಅವನೇ ತಾನೆ!

ರೋಸಿಲಿ ಕುಳಿತುಕೊಂಡೇ ಮಾತಾಡಿದಳು.

"ಜತ್ತಪ್ಪಣ್ಣ, ನಿಮ್ಮ ಬೆರಳ ಸಂದಿಯಲ್ಲಿ ಅಂಟಿಕೊಂಡದ್ದು ಎಂತ? ಬೆಳಗ್ಗಿಂದ ತಿಕ್ತಾ ಇದ್ದೀರಿ."

ಅವನು ಕೈ ನೋಡಿಕೊಂಡ. "ಎಂತದೋ ಅಂಟು. ಹೋಗುದೇ ಇಲ್ಲ."

"ಹೋಗುದಿಲ್ಲ. ನಾನು ರಬ್ಬರ್ ತೋಟದಲ್ಲಿ ಹುಟ್ಟಿದವಳು, ಮರದ ಹಾಲು ಬೆರಳಲ್ಲಿ ಒಣಗಿದ್ರೆ ಹೇಗಿರ್ತದೆ ಅಂತ ನನಗೆ ಯಾರೂ ಕಲಿಸ್ಬೇಕಂತ ಇಲ್ಲ. ಕೆತ್ತೆ ಕಟ್ಟಿ ತಂದ ಬೈರಾಸಿನಲ್ಲೂ ಅದೇ ಕಲೆ ಉಂಟು. ಬೈರಾಸು ನಿನ್ನೆ ಸಂಜೆ ಮಗಳು ಒಗೆದು ಕೊಟ್ಟದ್ದು. ಹಾಲೆ ಮರದಲ್ಲಿ ಹಾಲು ಉಂಟು ಸಾರ್. ಕಾಸರಕದಲ್ಲಿ ಒಂದು ಹನಿ ಹಾಲಿಲ್ಲ."

ಶಾನವಾಝ್ ಬೈರಾಸನ್ನು ಎತ್ತಿಕೊಂಡರು.

"ಹಾಗಾದ್ರೆ ಇವರು ತಂದದ್ದು ಸರಿಯಾದ ಕೆತ್ತೆ. ಮನೆಗೆ ಬಂದ ಮೇಲೆ ಅದು ಬದಲಾಗಿದೆ. ಕಾಸರಕದ ತುಂಡಿನ ಅಂಚು ನೋಡಿ, ಕತ್ತಿಯಲ್ಲಿ ಕೊಯ್ದದ್ದು. ಮರದ ಗಾಯವೂ ಒಣಗಿದೆ, ಒಂದು ದಿನ ಹಳತು. ಇವರು ಬಂದದ್ದೇ ನಿನ್ನೆ ಸಂಜೆ. ಇವರಂಥವರು ಆಟಿ ಕೆತ್ತೆಗೆ ಕತ್ತಿ ಮುಟ್ಟಿಸುದೂ ಇಲ್ಲ. ಇವರು ಜಜ್ಜಿ ತಂದದ್ದು ಇಲ್ಲುಂಟು." ಪೇಪರ್ ಬಿಚ್ಚಿದಳು. "ಬಚ್ಚಲ ಒಲೆಯಲ್ಲಿತ್ತು. ಹಸಿ ಕೆತ್ತೆ, ಪೂರ್ತಿ ಸುಡಲಿಲ್ಲ. ಅಂಚೆಲ್ಲ ಕಲ್ಲೇಟಿಗೆ ನಾರುನಾರಾಗಿದೆ, ಹಾಲು ಉಕ್ಕಿ ಗುಳ್ಳೆ ಬಂದಿದೆ."

"ಹಾಗಾದ್ರೆ ಯಾರು?" ಎಂದು ರೂಪೇಶ್ ಎದ್ದು ನಿಂತ. "ನಾನು ಜಗಳ ಮಾಡಿದ್ದು ಹೌದು. ಹಾಗಂತ ಅಣ್ಣನಿಗೆ ವಿಷ ಹಾಕ್ತೇನಾ?"

"ಕೂತ್ಕೊ ಮಾರಾಯ. ನೀನಲ್ಲ." ರೋಸಿಲಿಯ ದನಿ ತಗ್ಗಿತು. "ಕಮಲಕ್ಕ, ಬೆಳಗ್ಗೆ ನಿಮಗೆ ಸಿಟ್ಟು ಬಂದದ್ದು ಯಾಕೆ?"

"ಯಾಕೆ ಅಂದ್ರೆ? ಗಂಜಿ ಇರ್ಲಿಲ್ಲ!"

"ಗಂಜಿ ಇರ್ಲಿಲ್ಲ. ಮೆಂತೆ ಹಿಂದಿನ ಸಂಜೆಯೇ ನೆನೆಹಾಕ್ಬೇಕು. ಅಡುಗೆಮನೆಯಲ್ಲಿ ನೆನೆದ ಮೆಂತೆ ಇಲ್ಲ, ಅಕ್ಕಿ ಇಲ್ಲ, ತೆಂಗಿನಕಾಯಿ ಹಾಲಿಲ್ಲ. ಕಾರ್ಡಿನಲ್ಲಿ ಅಚ್ಚು ಹಾಕಿಸಿದ ಗಂಜಿ. ಮುಹ್ಸಿನಾ, ನಿನ್ನೆ ಹೋಗುವಾಗ ಎಂತಾಯ್ತು?"

ಮುಹ್ಸಿನಾ ಭವಿತಾಳ ಮುಖ ನೋಡಿ ತಲೆ ತಗ್ಗಿಸಿದಳು. "ಮೆಂತೆ ಅಳೆದು ಪಾತ್ರೆಗೆ ಹಾಕಿದ್ದೆ. ಬೇಡ, ವಾಪಸ್ ಡಬ್ಬಿಗೆ ಹಾಕು ಅಂದ್ರು ಅಕ್ಕ."

ಶಾನವಾಝ್ ಭವಿತಾಳ ಕಡೆಗೆ ತಿರುಗಿದರು.

"ಕಷಾಯದ ಹಿಂದೆ ಗಂಜಿ ಬಡಿಸ್ಲಿಕ್ಕಿಲ್ಲ ಅಂತ ಒಬ್ಬಳಿಗೆ ನಿನ್ನೆಯೇ ಗೊತ್ತಿತ್ತು," ಎಂದಳು ರೋಸಿಲಿ. "ಹತ್ತು ಜನರ ಮೆಂತೆ ಸುಮ್ಮನೆ ಹಾಳಾಗ್ತದೆ ಅಂತ ಅವಳ ಕೈ ತಡೆದಿದೆ. ಒಳ್ಳೆ ಅಡುಗೆಯವರಿಂದ ಮಾತ್ರ ಆಗುವ ತಪ್ಪು. ಅವಳು ಬೇರೆಯವರನ್ನು ಕೊಲ್ಲುವವಳಲ್ಲ. ಅದಕ್ಕೇ ನಮ್ಮನ್ನು ತಡವಾಗಿ ಏಳಿ ಅಂದದ್ದು, ಕಷಾಯದ ದಿನ ಬೆಳಗ್ಗೆ ಚಹಾ, ರಸ್ಕ್ ಕೊಟ್ಟು ನಮ್ಮ ಹೊಟ್ಟೆ ತುಂಬಿಸಿದ್ದು, ಉಳಿದ ಕಷಾಯ ಚೆಲ್ಲಿದ್ದು. ಆ ಚಹಾದಿಂದ ನಾವು ಬದುಕಿದ್ದು ಕಮಲಕ್ಕ. ಹೌದಲ್ವಾ ಭವಿತಾ?"

ಭವಿತಾ ಅಳಲಿಲ್ಲ. ಎರಡೂ ತೋಳುಗಳನ್ನು ನಿಧಾನಕ್ಕೆ ಭುಜದವರೆಗೆ ಮಡಚಿದಳು. ನಾನು ನೋಡಿದ ಎರಡು ಗೆರೆ ಏನೂ ಅಲ್ಲ. ಮೇಲೆ ಇನ್ನೂ ಆರೇಳಿದ್ದವು. ಮಹಿಳಾ ಪೇದೆ ಮುಖ ತಿರುಗಿಸಿಕೊಂಡಳು.

"ಉಪ್ಪು ಹೆಚ್ಚಾದ್ರೆ ಒಂದು, ಅತಿಥಿಗಳ ಜೊತೆ ನಕ್ಕರೆ ಒಂದು. ಕಾವಲಿ ಬಿಸಿ ಮಾಡ್ಲಿಕ್ಕೆ ನನಗೇ ಹೇಳ್ತಿದ್ರು." ಅವಳು ಮಾತಾಡುತ್ತಿದ್ದದ್ದು ಅಪ್ಪನ ಹತ್ತಿರ ಮಾತ್ರ. "ನಾನು ಮೂರು ಸಲ ಮನೆಗೆ ಬಂದೆ ಅಪ್ಪ. ಮೊದಲ್ನೇ ಸಲ ಹೊಂದ್ಕೊಂಡು ಹೋಗು ಅಂದ್ರಿ. ಎರಡ್ನೇ ಸಲ ಜನ ಎಂತ ಹೇಳ್ತಾರೆ ಅಂದ್ರಿ. ಮೂರ್ನೇ ಸಲ ನೀವೇ ಬಸ್‌ಸ್ಟ್ಯಾಂಡಿಗೆ ಬಂದು ಕಿಟಕಿ ಬದಿಯ ಸೀಟು ಹಿಡಿದು ಕೊಟ್ರಿ. ನಿಮ್ಮ ಕಣ್ಣಿನ ತಪ್ಪು ಅಂದ್ರೆ ಯಾರೂ ನಿಮಗೆ ಶಿಕ್ಷೆ ಕೊಡುದಿಲ್ಲ ಅಂತ ನಂಬಿದ್ದೆ. ಸುಳ್ಳು ಯಾಕೆ ಹೇಳ್ಲಿ, ನೀವೂ ಸ್ವಲ್ಪ ಅನುಭವಿಸ್ಬೇಕು ಅಂತಲೂ ಇತ್ತು."

ರೂಪೇಶ್ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಮಹಿಳಾ ಪೇದೆ ಭವಿತಾಳ ಪಕ್ಕಕ್ಕೆ ಬಂದು ನಿಂತಳು. ಹೊರಡುವ ಮೊದಲು ಭವಿತಾ ಮುಹ್ಸಿನಾಳಿಗೆ, ಫ್ರಿಜ್ಜಿನಲ್ಲಿ ಪತ್ರೊಡೆ ಉಂಟು, ಮೈಸೂರಿನವರ ಮಕ್ಕಳಿಗೆ ಬಿಸಿ ಮಾಡಿ ಕೊಡು ಎಂದಳು. ಆಗ ನನಗೆ ಅಳು ತಡೆಯಲಾಗಲಿಲ್ಲ. ಹರಿಪ್ರಸಾದನ ಆ ಕಣ್ಣು ನನ್ನ ಎದುರಿಗಿತ್ತು, ಈ ಹೆಂಗಸಿನ ತೋಳೂ ಎದುರಿಗಿತ್ತು. ಯಾರ ಮೇಲೆ ಸಿಟ್ಟಾಗಬೇಕೋ ಗೊತ್ತಾಗಲಿಲ್ಲ.

ಜೀಪು ಹೋದ ಮೇಲೆ ರೋಸಿಲಿ ಒಂದು ಲೋಟ ನೀರು ತಂದು ಜತ್ತಪ್ಪಣ್ಣನ ಮುಂದೆ ಹಿಡಿದಳು.

"ಕುಡಿಯಿರಿ ಜತ್ತಪ್ಪಣ್ಣ. ನೀವು ಕೊಲ್ಲಲಿಲ್ಲ. ಮರ ತಪ್ಪಲಿಲ್ಲ."

ಅವನು ಲೋಟ ತೆಗೆದುಕೊಳ್ಳಲಿಲ್ಲ. ಬೆರಳಿನ ಅಂಟನ್ನು ಬಹಳ ಹೊತ್ತು ನೋಡಿದ.

"ಹಾಗಾದ್ರೆ ನನ್ನ ಕಣ್ಣು ಸರಿ ಇತ್ತು, ಅಲ್ವಾ ಸಿಸ್ಟರ್?"

"ಸರಿ ಇತ್ತು."

"ಮೂರು ಸಲವೂ ಅವಳ ಕೈ ನನಗೆ ಕಂಡಿತ್ತು," ಎಂದ ಜತ್ತಪ್ಪಣ್ಣ. "ಚೆನ್ನಾಗಿಯೇ ಕಂಡಿತ್ತು."

ನಾನು ರೋಸಿಲಿಯ ಕೈಯಿಂದ ಲೋಟ ತೆಗೆದುಕೊಂಡು ಅವನ ಪಕ್ಕದಲ್ಲಿ ನೆಲದ ಮೇಲೆ ಕುಳಿತೆ. ನನಗೂ ಕಂಡಿತ್ತು.